ಬಾರ್ನಬಿ ಜಾಯ್ಸ್ ಒನ್ ನೇಷನ್ ಪಾಲಾದರು: ವಿದ್ಯುತ್ತಿನ ವಿಷಯಕ್ಕೆ ಈ ಬಲಪಂಥ ಇನ್ನೆಷ್ಟು ಸಲ ಒಡೆಯಬೇಕು?

ಕಾವೇರಿ ತೀರ, ಮೆಲ್ಬರ್ನ್ (ಚರ್ಚೆ ಆರಂಭ)

ಡಿಸೆಂಬರ್ 8, 2025ರಂದು ಎರಡು ಸುದ್ದಿಗಳು ಒಟ್ಟಿಗೇ ಬಂದವು. ಮನೆಗಳ ವಿದ್ಯುತ್ ಬಿಲ್ಲಿಗೆ ಕೊಡುತ್ತಿದ್ದ ರಿಯಾಯಿತಿ ವರ್ಷಾಂತ್ಯಕ್ಕೆ ನಿಲ್ಲುತ್ತದೆ ಎಂದು ಆಸ್ಟ್ರೇಲಿಯಾದ ಲೇಬರ್ ಸರ್ಕಾರದ ಖಜಾನೆ ಸಚಿವ ಜಿಮ್ ಚಾಲ್ಮರ್ಸ್ ಹೇಳಿದರು. ಅದೇ ದಿನ, ನವೆಂಬರ್ ಕೊನೆಯಲ್ಲಿ ಹಳ್ಳಿಗಾಡಿನ ಬಲಪಂಥೀಯ ನ್ಯಾಷನಲ್ಸ್ ಪಕ್ಷ ಬಿಟ್ಟಿದ್ದ ಬಾರ್ನಬಿ ಜಾಯ್ಸ್ ಅವರು ಪಾಲೀನ್ ಹ್ಯಾನ್ಸನ್ ಅವರ ವಲಸೆ ವಿರೋಧಿ ಪಕ್ಷ ಒನ್ ನೇಷನ್ ಸೇರಿದರು. ಎರಡು ಅವಧಿಗೆ ಉಪಪ್ರಧಾನಿಯಾಗಿದ್ದವರು! ಮೊದಲ ಸುದ್ದಿ ನಮ್ಮೆಲ್ಲರ ಜೇಬಿಗೆ ಸಂಬಂಧಿಸಿದ್ದು. ಟಿವಿಯಲ್ಲಿ ಚರ್ಚೆ ನಡೆದದ್ದೆಲ್ಲ ಎರಡನೆಯದರ ಮೇಲೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 2009ರ ಡಿಸೆಂಬರ್ 1ರಂದು ಬಲಪಂಥೀಯ ಲಿಬರಲ್ ಪಕ್ಷದ ನಾಯಕತ್ವಕ್ಕೆ ನಡೆದ ಮತದಾನದಲ್ಲಿ ಮಾಲ್ಕಮ್ ಟರ್ನ್‌ಬುಲ್ ಅವರನ್ನು ಟೋನಿ ಆಬಟ್ ಒಂದೇ ಒಂದು ಮತದಿಂದ (42–41) ಸೋಲಿಸಿದರು. ಕಾರಣ, ಇಂಗಾಲದ ಹೊರಸೂಸುವಿಕೆಗೆ ಬೆಲೆ ಕಟ್ಟುವ ಮಸೂದೆಗೆ ಟರ್ನ್‌ಬುಲ್ ಬೆಂಬಲ ಕೊಟ್ಟದ್ದು. 2018ರ ಆಗಸ್ಟ್‌ನಲ್ಲಿ ಪ್ರಧಾನಿಯಾಗಿದ್ದ ಅದೇ ಟರ್ನ್‌ಬುಲ್ ಇಂಧನ ನೀತಿಯ ಜಗಳದ ನಡುವೆ ಮತ್ತೆ ಕುರ್ಚಿ ಕಳೆದುಕೊಂಡರು. 2025ರ ಮೇ ಚುನಾವಣೆಯಲ್ಲಿ ಹೀನಾಯವಾಗಿ ಸೋತ ಮೇಲೆ ಲಿಬರಲ್–ನ್ಯಾಷನಲ್ಸ್ ಮೈತ್ರಿಯೇ ಮುರಿದು, ಒಂದು ವಾರದ ನಂತರ ಮತ್ತೆ ಕೂಡಿಕೊಂಡಿತು. ನವೆಂಬರ್ ಮೊದಲ ವಾರ ನ್ಯಾಷನಲ್ಸ್, ಅದರ ಬೆನ್ನಿಗೇ ಲಿಬರಲ್ ಪಕ್ಷ, 2050ರ ನಿವ್ವಳ ಶೂನ್ಯ (ಹೊರಸೂಸಿದಷ್ಟೇ ಇಂಗಾಲವನ್ನು ಹೀರಿಕೊಳ್ಳುವ) ಗುರಿಯನ್ನು ಕೈಬಿಟ್ಟವು. ಅಷ್ಟಾದರೂ ಜಾಯ್ಸ್ ನಿಲ್ಲಲಿಲ್ಲ.

ನನ್ನ ಪ್ರಶ್ನೆ ಎರಡು. ಈ ಒಂದು ವಿಷಯಕ್ಕೇ ಇವರು ಮತ್ತೆ ಮತ್ತೆ ಒಡೆಯುವುದೇಕೆ? ಒಡೆದು ಹೋದವರಿಂದ ಯಾರ ಬಿಲ್ಲಾದರೂ ಇಳಿದಿದೆಯೇ? ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಗರದ ಮತ ಬೇಕೋ ಹಳ್ಳಿಗಾಡಿನ ಮತ ಬೇಕೋ ಎಂದು ತೀರ್ಮಾನಿಸಲಾಗದ ಪಕ್ಷ ತನ್ನ ಒಳಜಗಳವನ್ನೆಲ್ಲ ವಿದ್ಯುತ್ ಕಂಬಕ್ಕೆ ಕಟ್ಟುತ್ತಿದೆ.

ಸಿಡ್ನಿ ಸುಮಾ

2021ರ ಅಕ್ಟೋಬರ್‌ನಲ್ಲಿ ಲಿಬರಲ್ ಪ್ರಧಾನಿ ಮಾರಿಸನ್ ಅವರ ಸರ್ಕಾರ 2050ರ ಗುರಿಯನ್ನು ಒಪ್ಪಿದಾಗ ನ್ಯಾಷನಲ್ಸ್ ನಾಯಕ ಯಾರು? ಇದೇ ಜಾಯ್ಸ್. ಈ ಪ್ರಶ್ನೆಯನ್ನು ಅವರಿಗೆ ದಿನವೂ ಕೇಳಬೇಕು.

ಟ್ಯಾಮ್‌ವರ್ತ್ ವೈದ್ಯ

ಸುಮಾ ಅವರೇ, ಅವರಿಗೆ ವೈಯಕ್ತಿಕವಾಗಿ ಆಗಲೂ ಮನಸ್ಸಿರಲಿಲ್ಲ, ಪಕ್ಷದ ಬಹುಮತಕ್ಕೆ ತಲೆಬಾಗಿದರು. ನಾನು ಇರುವುದು ಅವರದೇ ನ್ಯೂ ಇಂಗ್ಲೆಂಡ್ ಕ್ಷೇತ್ರದಲ್ಲಿ. ನಗರದಲ್ಲಿ ಕುಳಿತವರಿಗೆ ಕಾಣದ ಒಂದು ಸಂಗತಿಯನ್ನು ಹೇಳಬೇಕು.

ನ್ಯೂ ಸೌತ್ ವೇಲ್ಸ್ ಸರ್ಕಾರ ಗುರುತಿಸಿದ ನವೀಕರಿಸಬಹುದಾದ ಇಂಧನ ವಲಯಗಳಲ್ಲಿ ಒಂದು ಇಲ್ಲಿದೆ. ಗಾಳಿಯಂತ್ರ, ಸೌರ ಸ್ಥಾವರ, ಅವುಗಳಿಂದ ಕರಾವಳಿಯ ಕಡೆಗೆ ವಿದ್ಯುತ್ ಒಯ್ಯುವ ಹೈಟೆನ್ಷನ್ ಲೈನು. ನನ್ನಲ್ಲಿಗೆ ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳಲು ಬರುವ ಒಬ್ಬ ಹಿರಿಯ ದನಗಾಹಿ ರೈತರಿದ್ದಾರೆ. ಒಮ್ಮೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ನಕಾಶೆ ತೆಗೆದು ಮೇಜಿನ ಮೇಲೆ ಹರಡಿದರು. ಲೈನು ಹೋಗಬಹುದಾದ ಪಟ್ಟಿಗೆ ಹಳದಿ ಬಣ್ಣ. ಅದರ ಅಂಚು ಅವರ ಉಣ್ಣೆ ಕತ್ತರಿಸುವ ಕೊಟ್ಟಿಗೆಯಿಂದ ಬೆರಳಗಲ ದೂರದಲ್ಲಿತ್ತು. ಗೋಪುರ ಪಕ್ಕದವರ ಜಮೀನಿನಲ್ಲಿ ಬರುತ್ತದೆ, ನೋಟವಷ್ಟೇ ಇವರ ಪಾಲಿಗೆ. ಜಮೀನು ಕೊಟ್ಟವರಿಗೆ ರಾಜ್ಯದ ಯೋಜನೆಯಲ್ಲಿ ಕಿಲೋಮೀಟರಿಗೆ 2 ಲಕ್ಷ ಡಾಲರ್, 20 ವರ್ಷಗಳಲ್ಲಿ ಹಂಚಿ ಸಿಗುತ್ತದೆ. ಬೇಲಿಯಾಚೆಗಿನವರಿಗೆ ಆ ಲೆಕ್ಕದಲ್ಲಿ ಏನೂ ಇಲ್ಲ. ಆ ಮನುಷ್ಯ ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರಲ್ಲ, 2019ರ ಬರದಲ್ಲಿ ಹಿಂಡಿನ ಅರ್ಧ ದನ ಮಾರಿದವರು. ಸಿಡ್ನಿಯ ಹವಾನಿಯಂತ್ರಕಕ್ಕೆ ನನ್ನ ಬೆಟ್ಟವೇ ಏಕೆ ಎಂಬುದು ಅವರ ಸಿಟ್ಟು. ಈ ಸಿಟ್ಟನ್ನು ಕೇಳಿಸಿಕೊಂಡ ಮೊದಲಿಗ ಜಾಯ್ಸ್. ಪರಿಹಾರ ಅವರ ಕೈಯಲ್ಲಿಲ್ಲ, ನಿಜ. ಆದರೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕುಳಿತವರು ಅವರೇ.

ಗ್ರಿಡ್ ಎಂಜಿನಿಯರ್, ಅಡಿಲೇಡ್

ಡಾಕ್ಟರ್ ಹೇಳಿದ ಲೈನಿನ ತಕರಾರು ನ್ಯಾಯವಾದದ್ದು. ವಿಕ್ಟೋರಿಯಾದಲ್ಲಿಯೂ ಇದೇ ಕಥೆ. ಆದರೆ ಬಿಲ್ಲು ಏರಿದ್ದು ನಿವ್ವಳ ಶೂನ್ಯದಿಂದ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ.

ಪೂರ್ವ ಆಸ್ಟ್ರೇಲಿಯಾದ ವಿದ್ಯುತ್ ಮಾರುಕಟ್ಟೆಯಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಹರಾಜು ನಡೆಯುತ್ತದೆ. ಅಗ್ಗದ ದರ ಕೂಗಿದ ಸ್ಥಾವರ ಮೊದಲು, ದುಬಾರಿಯದು ಕೊನೆಗೆ. ಬೇಡಿಕೆ ಪೂರೈಸಲು ಬೇಕಾದ ಕೊನೆಯ ಸ್ಥಾವರದ ದರವೇ ಆ ಹೊತ್ತಿಗೆ ಎಲ್ಲರಿಗೂ ಸಿಗುವ ದರ. ಮಧ್ಯಾಹ್ನ ಬಿಸಿಲಿದ್ದಾಗ ದರ ಸೊನ್ನೆಗಿಂತ ಕೆಳಕ್ಕೆ ಇಳಿಯುವುದೂ ಉಂಟು. ಸಂಜೆ ಆರು ಗಂಟೆಗೆ ಎಲ್ಲರೂ ಮನೆಗೆ ಬಂದು ಒಲೆ ಹಚ್ಚಿದಾಗ ಆ ಕೊನೆಯ ಜಾಗದಲ್ಲಿ ನಿಲ್ಲುವುದು ಹೆಚ್ಚಾಗಿ ಗ್ಯಾಸ್ ಅಥವಾ ಜಲವಿದ್ಯುತ್. ಆ ಗ್ಯಾಸ್ 2015ರಿಂದ ಕ್ವೀನ್ಸ್‌ಲ್ಯಾಂಡಿನ ಗ್ಲ್ಯಾಡ್‌ಸ್ಟನ್ ಬಂದರಿನಿಂದ ದ್ರವರೂಪದಲ್ಲಿ ಹಡಗು ಹತ್ತುತ್ತಿದೆ. ಅಲ್ಲಿಂದ ಮುಂದೆ ನಮ್ಮ ನೆಲದ ಗ್ಯಾಸಿಗೆ ನಾವು ಜಪಾನ್, ಕೊರಿಯಾದ ಗ್ರಾಹಕರ ಜೊತೆ ಪೈಪೋಟಿಗಿಳಿದು ಬೆಲೆ ಕೊಡುತ್ತಿದ್ದೇವೆ. 2022ರ ಜೂನ್‌ನಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಸ್ ಮತ್ತು ಕಲ್ಲಿದ್ದಲಿನ ದರ ಏರಿದಾಗ, ಇಲ್ಲಿ ಹಲವು ಹಳೆಯ ಕಲ್ಲಿದ್ದಲು ಘಟಕಗಳು ಕೆಟ್ಟು ನಿಂತಿದ್ದವು. ಮಾರುಕಟ್ಟೆಯನ್ನೇ ಕೆಲವು ದಿನ ಸ್ಥಗಿತಗೊಳಿಸಬೇಕಾಯಿತು.

ಬಿಲ್ಲಿನ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕಂಬ, ತಂತಿಗಳ ವೆಚ್ಚ. ಅದರಲ್ಲಿ ಹಳೆಯ ಸಾಲವೂ ಇದೆ. ಜಾಯ್ಸ್ ಯಾವ ಪಕ್ಷದಲ್ಲಿದ್ದರೂ ಇದು ಬದಲಾಗುವುದಿಲ್ಲ.

ಪರ್ತ್ ಪದ್ಮಿನಿ

ನಮ್ಮ ಪಶ್ಚಿಮ ಆಸ್ಟ್ರೇಲಿಯಾ 2006ರಿಂದಲೇ ರಫ್ತು ಯೋಜನೆಗಳ ಗ್ಯಾಸಿನಲ್ಲಿ ಶೇ. 15ರಷ್ಟನ್ನು ರಾಜ್ಯಕ್ಕೆ ಮೀಸಲಿಡಬೇಕೆಂದು ನಿಯಮ ಮಾಡಿಕೊಂಡಿದೆ. ನಿಮ್ಮ ಪೂರ್ವದ ಗ್ರಿಡ್ಡಿಗೂ ನಮಗೂ ತಂತಿಯ ಸಂಪರ್ಕವೂ ಇಲ್ಲ. ಮನೆಯ ದರವನ್ನು ರಾಜ್ಯ ಸರ್ಕಾರವೇ ನಿಗದಿ ಮಾಡುತ್ತದೆ. ಲೇಬರ್ ಇರಲಿ, ಲಿಬರಲ್ ಇರಲಿ, ಯಾವ ಸರ್ಕಾರವೂ ಆ ಮೀಸಲನ್ನು ತೆಗೆದುಹಾಕಿಲ್ಲ. ಪೂರ್ವದವರು ರಫ್ತಿಗೆ ಅನುಮತಿ ಕೊಡುವಾಗಲೇ ಇದನ್ನು ಮಾಡಬಹುದಿತ್ತು.

ಹಳೆಯ ಲಿಬರಲ್ ಮತದಾರ

ಇಲ್ಲಿ ಒಂದೇ ಕಡೆಯ ಮಾತು ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಪೌರತ್ವ ಪಡೆದಂದಿನಿಂದ ಲಿಬರಲ್ ಪಕ್ಷಕ್ಕೆ ಮತ ಹಾಕುತ್ತ ಬಂದವನು. ಸಣ್ಣ ವ್ಯಾಪಾರ ಇಟ್ಟುಕೊಂಡಿದ್ದೇನೆ, ಎರಡು ದೊಡ್ಡ ಶೀತಲ ಕೋಣೆಗಳು ಹಗಲು ರಾತ್ರಿ ಓಡುತ್ತವೆ.

2022ರ ಚುನಾವಣೆಗೆ ಮುನ್ನ ಲೇಬರ್ ಕೊಟ್ಟ ಮಾತು ನೆನಪಿದೆಯೇ? 2025ರ ಹೊತ್ತಿಗೆ ಮನೆಯ ಬಿಲ್ಲು 275 ಡಾಲರ್ ಇಳಿಯುತ್ತದೆ ಎಂದಿದ್ದರು. ಎಲ್ಲಿ ಇಳಿಯಿತು? ರಿಯಾಯಿತಿ ಎಂಬುದು ನಮ್ಮದೇ ತೆರಿಗೆ ಹಣ, ಈಗ ಅದೂ ನಿಂತಿತು. 2030ಕ್ಕೆ ಶೇ. 82 ನವೀಕರಿಸಬಹುದಾದ ವಿದ್ಯುತ್ ಎನ್ನುತ್ತಾರೆ. ಆದರೆ ಎರೇರಿಂಗ್ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಲು ಧೈರ್ಯವಿಲ್ಲದೆ 2027ರವರೆಗೆ ಮುಂದೂಡಿದವರು ನ್ಯೂ ಸೌತ್ ವೇಲ್ಸಿನ ಲೇಬರ್ ಸರ್ಕಾರದವರೇ. ಸ್ನೋಯಿ 2.0 ಪಂಪ್ಡ್ ಹೈಡ್ರೊ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಹರಿಸಿ ವಿದ್ಯುತ್ ಪಡೆಯುವ) ಯೋಜನೆ ಘೋಷಿಸುವಾಗ 2 ಬಿಲಿಯನ್ ಡಾಲರ್ ಎಂದರು, 2023ಕ್ಕೆ 12 ಬಿಲಿಯನ್ ಆಯಿತು, ಸುರಂಗ ಕೊರೆಯುವ ಯಂತ್ರ ಮಣ್ಣಿನಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ನಿಂತಿತು. ಇದೆಲ್ಲ ಕೇಳಿದರೆ ಹವಾಮಾನ ವಿರೋಧಿ ಎಂಬ ಹಣೆಪಟ್ಟಿ ಹಚ್ಚುತ್ತೀರಿ. ಪರಮಾಣು ಸ್ಥಾವರ ಕಟ್ಟೋಣ ಎಂದರೆ ಹೆದರಿಸುತ್ತೀರಿ. ನನ್ನಂಥವರು ಎಲ್ಲಿಗೆ ಹೋಗಬೇಕು?

ಸಿಡ್ನಿ ಸುಮಾ

ಸ್ನೋಯಿ 2.0 ಘೋಷಿಸಿದ್ದು 2017ರಲ್ಲಿ ಲಿಬರಲ್ ಪ್ರಧಾನಿ.

ಹಳೆಯ ಲಿಬರಲ್ ಮತದಾರ

ಯಾರೇ ಘೋಷಿಸಲಿ ಅಮ್ಮ, ಹಣ ಕೊಡುವವರು ನಾವು.

ಗ್ರಿಡ್ ಎಂಜಿನಿಯರ್, ಅಡಿಲೇಡ್

275 ಡಾಲರಿನ ಮಾತಿನಲ್ಲಿ ನಿಮ್ಮ ಸಿಟ್ಟು ಸರಿಯಾಗಿದೆ. ಕೊಡಬಾರದ ಭರವಸೆ ಅದು. 2014ರಲ್ಲಿ ಇಂಗಾಲದ ತೆರಿಗೆ ತೆಗೆದರೆ ಪ್ರತಿ ಮನೆಗೆ 550 ಡಾಲರ್ ಉಳಿಯುತ್ತದೆ ಎಂದು ಆಬಟ್ ಕೊಟ್ಟ ಭರವಸೆಯೂ ಅದೇ ಜಾತಿಯದು. ಮೊದಲ ವರ್ಷ ಸ್ವಲ್ಪ ಇಳಿಯಿತು, 2017ರ ಹೊತ್ತಿಗೆ ಹಿಂದಿಗಿಂತ ಮೇಲೆ ಹೋಯಿತು.

ಪರಮಾಣುವಿನ ವಿಷಯಕ್ಕೆ ಬರೋಣ. ಆಗ ವಿರೋಧಪಕ್ಷದ ನಾಯಕರಾಗಿದ್ದ ಲಿಬರಲ್ ಪಕ್ಷದ ಪೀಟರ್ ಡಟನ್ 2024ರ ಜೂನ್‌ನಲ್ಲಿ ಏಳು ಜಾಗ ಹೆಸರಿಸಿದರು: ಟ್ಯಾರಾಂಗ್, ಕ್ಯಾಲೈಡ್, ಲಿಡೆಲ್, ಮೌಂಟ್ ಪೈಪರ್, ಲೋಯ್ ಯಾಂಗ್, ನಮ್ಮ ಪೋರ್ಟ್ ಅಗಸ್ಟಾ, ಪಶ್ಚಿಮದ ಮ್ಯೂಜಾ. ಎಲ್ಲವೂ ಕಲ್ಲಿದ್ದಲು ಸ್ಥಾವರಗಳ ಜಾಗಗಳು, ಅಲ್ಲಿ ಲೈನು ಮೊದಲೇ ಇದೆ. ಯೋಚನೆಯಲ್ಲಿ ತರ್ಕವಿತ್ತು. ಆದರೆ ಪರಮಾಣು ವಿದ್ಯುತ್ತನ್ನು ಫೆಡರಲ್ ಕಾನೂನಿನಲ್ಲಿ ನಿಷೇಧಿಸಿದ್ದೇ 1998–99ರ ಲಿಬರಲ್ ಪ್ರಧಾನಿ ಹಾವರ್ಡ್ ಸರ್ಕಾರದ ಕಾಲದಲ್ಲಿ. ಆಮೇಲೆ ಒಂಬತ್ತು ವರ್ಷ ಅಧಿಕಾರದಲ್ಲಿದ್ದಾಗ (2013–2022) ಇದೇ ಮೈತ್ರಿಕೂಟ ಆ ನಿಷೇಧವನ್ನು ಮುಟ್ಟಲಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಅವರದೇ ಪಕ್ಷದ ರಾಜ್ಯ ನಾಯಕ ಡೇವಿಡ್ ಕ್ರಿಸಫುಲ್ಲಿ ನಮ್ಮ ರಾಜ್ಯಕ್ಕೆ ಬೇಡ ಎಂದರು. ಸಿಎಸ್ಐಆರ್‌ಒ ಎಂಬ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ವರದಿ ಕನಿಷ್ಠ 15 ವರ್ಷ ಬೇಕು, ವೆಚ್ಚ ಸೌರ–ಪವನದ ಸುಮಾರು ಎರಡರಷ್ಟು ಎಂದಿತು. ಡಟನ್ ತೋರಿಸಿದ 331 ಬಿಲಿಯನ್ ಡಾಲರಿನ ಲೆಕ್ಕದಲ್ಲಿ ಮುಂದಿನ ವಿದ್ಯುತ್ ಬೇಡಿಕೆಯನ್ನೇ ಕಡಿಮೆ ಹಿಡಿಯಲಾಗಿತ್ತು, ಮನೆಯ ಬಿಲ್ಲು ಎಷ್ಟಾಗುತ್ತದೆ ಎಂಬ ಅಂದಾಜೇ ಇರಲಿಲ್ಲ.

ಕಾರವಾರದ ಕಡಲು

ನಾನು ಊರಿನಿಂದ ಬರೆಯುತ್ತಿದ್ದೇನೆ. ಕೈಗಾ ನಮ್ಮ ಮನೆಯಿಂದ ದೂರವಿಲ್ಲ. ಮೊದಲ ಘಟಕದ ಕೆಲಸ 1989ರಲ್ಲಿ ಶುರುವಾಯಿತು, 1994ರಲ್ಲಿ ಗುಮ್ಮಟದ ಒಳಕವಚ ಕುಸಿಯಿತು, ವಿದ್ಯುತ್ ಮಾರಾಟ ಆರಂಭವಾದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಭಾರತಕ್ಕೆ ತಾರಾಪುರ, ಕಲ್ಪಾಕ್ಕಂಗಳ ಅನುಭವ ಇತ್ತು. ಒಂದು ಸ್ಥಾವರವನ್ನೂ ಕಟ್ಟದ ಆಸ್ಟ್ರೇಲಿಯಾ 2030ರ ದಶಕದ ನಡುವೆ ವಿದ್ಯುತ್ ಕೊಡುತ್ತೇವೆ ಎಂದದ್ದನ್ನು ನಂಬುವುದು ಕಷ್ಟ. ಹಾಗೆಂದು ಪರಮಾಣುವೇ ಕೆಟ್ಟದ್ದು ಎನ್ನುವುದೂ ತಪ್ಪು. ಅದೇ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು.

ಮೈಸೂರಿನ ಓದುಗ

ನನಗೆ ಆಸ್ಟ್ರೇಲಿಯಾ ರಾಜಕೀಯ ಅಷ್ಟಾಗಿ ಗೊತ್ತಿಲ್ಲ. ಓದುತ್ತಿದ್ದರೆ 2013ರ ಕರ್ನಾಟಕವೇ ಕಣ್ಣಮುಂದೆ ಬರುತ್ತದೆ. ಯಡಿಯೂರಪ್ಪನವರು ಕೆಜೆಪಿ ಕಟ್ಟಿದರು, ಗೆದ್ದದ್ದು ಆರೇ ಸ್ಥಾನ. ಬಿಜೆಪಿ 40ಕ್ಕೆ ಕುಸಿಯಿತು, ಕಾಂಗ್ರೆಸ್ 122 ಸ್ಥಾನ ಹಿಡಿದು ಅಧಿಕಾರಕ್ಕೆ ಬಂತು. ಒನ್ ನೇಷನ್ ಕೂಡ ಲಿಬರಲ್ಲರಿಗೆ ಹಾಗೆಯೇ ಮಾಡುತ್ತದೆಯೇ? 1998ರಲ್ಲಿ ಹ್ಯಾನ್ಸನ್ ಪಕ್ಷ ಸಂಸತ್ತಿನಲ್ಲಿ 11 ಸ್ಥಾನ ಗೆದ್ದಿತ್ತು ಎಂದು ಎಲ್ಲೋ ಓದಿದ ನೆನಪು.

ಮತಪೆಟ್ಟಿಗೆ, ಕ್ಯಾನ್‌ಬೆರಾ

ಆ 11 ಸ್ಥಾನ ಕ್ವೀನ್ಸ್‌ಲ್ಯಾಂಡ್ ವಿಧಾನಸಭೆಯಲ್ಲಿ, ಫೆಡರಲ್ ಸಂಸತ್ತಿನಲ್ಲಲ್ಲ. ಸುಮಾರು ಶೇ. 23 ಮತ ಬಂದಿತ್ತು. ಅದೇ ವರ್ಷದ ಫೆಡರಲ್ ಚುನಾವಣೆಯಲ್ಲಿ ಹ್ಯಾನ್ಸನ್ ಸ್ವತಃ ಬ್ಲೇರ್ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮೊದಲ ಮತ ಪಡೆದೂ ಸೋತರು. ಏಕೆ ಸೋತರು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಪ್ರಾಶಸ್ತ್ಯ ಮತ ಹಾಕುತ್ತೇವಲ್ಲ, ಇಲ್ಲಿ ಕೆಳಮನೆಗೂ ಅದೇ ಪದ್ಧತಿ. ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ಅಂಕಿ ಹಾಕಲೇಬೇಕು, ಮತದಾನವೂ ಕಡ್ಡಾಯ. ಕೊನೆಯವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತವನ್ನು ಮುಂದಿನ ಆಯ್ಕೆಗೆ ಹಂಚುತ್ತಾರೆ. ಆದ್ದರಿಂದ ಕೆಜೆಪಿ ಮಾಡಿದಂತೆ ಮತ ಸೀಳಿ ಮೂಲ ಪಕ್ಷವನ್ನು ಒಂದೇ ಏಟಿಗೆ ಮಲಗಿಸುವುದು ಇಲ್ಲಿ ಸುಲಭವಲ್ಲ. ಒನ್ ನೇಷನ್‌ಗೆ ಹೋದ ಮತದ ದೊಡ್ಡ ಪಾಲು ಎರಡನೆಯ, ಮೂರನೆಯ ಅಂಕಿಯಲ್ಲಿ ಲಿಬರಲ್–ನ್ಯಾಷನಲ್ಸ್‌ಗೇ ಮರಳುತ್ತದೆ. 2025ರಲ್ಲಿ ಮೈತ್ರಿಕೂಟವೇ ಹಲವು ಕ್ಷೇತ್ರಗಳ ಮಾದರಿ ಮತಪತ್ರದಲ್ಲಿ ಒನ್ ನೇಷನ್‌ಗೆ ಎರಡನೆಯ ಸ್ಥಾನ ಕೊಟ್ಟಿತ್ತು.

ಹಾನಿ ಬೇರೆ ದಾರಿಯಲ್ಲಿ ಬರುತ್ತದೆ. ಬಲಕ್ಕೆ ಹೋದವರನ್ನು ಮರಳಿ ಕರೆತರಲು ಲಿಬರಲ್ಲರು ಬಲಕ್ಕೆ ವಾಲುತ್ತಾರೆ. ವಾಲಿದಾಗ ನಗರದ ಮಧ್ಯಮಮಾರ್ಗಿ ಮತದಾರರು ಎದ್ದು ಹೋಗುತ್ತಾರೆ, ಅವರ ಎರಡನೆಯ ಅಂಕಿಯೂ ಮರಳುವುದಿಲ್ಲ.

ಇನ್ನು ಒಡೆದು ಹೋದವರ ಗತಿ. 1987ರಲ್ಲಿ ಕ್ವೀನ್ಸ್‌ಲ್ಯಾಂಡಿನ ಜೋ ಬ್ಯೆಲ್ಕಿ-ಪೀಟರ್‌ಸನ್ ಕ್ಯಾನ್‌ಬೆರಾದ ಕುರ್ಚಿಗೆ ಕಣ್ಣಿಟ್ಟು ಮೈತ್ರಿ ಮುರಿಸಿದರು, ಲೇಬರಿನ ಬಾಬ್ ಹಾಕ್ ಆರಾಮವಾಗಿ ಗೆದ್ದರು. ಬಾಬ್ ಕ್ಯಾಟರ್ 2001ರಲ್ಲಿ ನ್ಯಾಷನಲ್ಸ್ ಬಿಟ್ಟರು, ತಮ್ಮ ಸ್ಥಾನ ಉಳಿಸಿಕೊಂಡರು, ಆಮೇಲೆ ಕಟ್ಟಿದ ಪಕ್ಷ ಉತ್ತರ ಕ್ವೀನ್ಸ್‌ಲ್ಯಾಂಡಿನಾಚೆಗೆ ಬೆಳೆಯಲಿಲ್ಲ. ಕೋರಿ ಬರ್ನಾರ್ಡಿ 2017ರಲ್ಲಿ ಲಿಬರಲ್ ಸೆನೆಟರ್ (ಮೇಲ್ಮನೆ ಸದಸ್ಯ) ಆಗಿದ್ದವರು ಹೊರಬಂದು ಆಸ್ಟ್ರೇಲಿಯನ್ ಕನ್ಸರ್ವೇಟಿವ್ಸ್ ಕಟ್ಟಿದರು, 2019ರಲ್ಲಿ ತಾವೇ ಬಾಗಿಲು ಮುಚ್ಚಿದರು. ಕ್ರೇಗ್ ಕೆಲ್ಲಿ 2021ರಲ್ಲಿ ಲಿಬರಲ್ ಬಿಟ್ಟು ಕ್ಲೈವ್ ಪಾಮರ್ ಅವರ ಯುನೈಟೆಡ್ ಆಸ್ಟ್ರೇಲಿಯಾ ಪಕ್ಷಕ್ಕೆ ಹೋಗಿ 2022ರಲ್ಲಿ ಸ್ಥಾನ ಕಳೆದುಕೊಂಡರು. ನೀರಿನಂತೆ ಹಣ ಸುರಿದ ಪಾಮರ್‌ಗೆ ಆ ವರ್ಷ ಸಿಕ್ಕಿದ್ದು ಒಂದು ಸೆನೆಟ್ ಸ್ಥಾನ. ಜಾಯ್ಸ್ ಈ ಇತಿಹಾಸವನ್ನು ಬಲ್ಲವರು. ಹೊಸ ಪಕ್ಷ ಕಟ್ಟುವ ಗೋಜಿಗೆ ಹೋಗಲಿಲ್ಲ, ಇರುವ ಪಕ್ಷ ಸೇರಿ ಸೆನೆಟ್‌ಗೆ ಹೋಗುವ ಯೋಚನೆ ಮಾಡಿದ್ದಾರೆ. ಆರು ಸ್ಥಾನಗಳಿಗೆ ಚುನಾವಣೆ ನಡೆಯುವ ಕಡೆ ಏಳನೇ ಒಂದು ಪಾಲು ಮತ ಸಾಕು.

ಮೈಸೂರಿನ ಓದುಗ

ಸ್ಪಷ್ಟವಾಯಿತು ಸರ್. ಹಾಗಾದರೆ ನಗರದಲ್ಲಿ ಎದ್ದು ಹೋದವರು ಲೇಬರ್‌ಗೆ ಹೋದರೇ?

ಸಿಡ್ನಿ ಸುಮಾ

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನು ಮತ ಹಾಕುವುದು ವಾರಿಂಗಾದಲ್ಲಿ. 2019ರಲ್ಲಿ ಆಬಟ್ ಅವರನ್ನು ಸ್ವತಂತ್ರ ಅಭ್ಯರ್ಥಿ ಝಾಲಿ ಸ್ಟೆಗಲ್ ಸೋಲಿಸಿದರು. 2022ರಲ್ಲಿ ಇನ್ನೂ ಆರು ಮಹಿಳೆಯರು ಲಿಬರಲ್ಲರ ಶ್ರೀಮಂತ ಕೋಟೆಗಳನ್ನೇ ಗೆದ್ದರು: ವೆಂಟ್‌ವರ್ತ್, ಮೆಕೆಲರ್, ನಾರ್ತ್ ಸಿಡ್ನಿ, ಕೂಯಾಂಗ್, ಗೋಲ್ಡ್‌ಸ್ಟೀನ್, ಕರ್ಟಿನ್. ಪ್ರಚಾರದ ಹಸಿರು-ನೀಲಿ ಬಣ್ಣದಿಂದಾಗಿ ಇವರನ್ನು ಟೀಲ್ ಎನ್ನುತ್ತಾರೆ. ವೈದ್ಯೆ, ಪತ್ರಕರ್ತೆ, ಉದ್ಯಮಿ ಹೀಗೆ ಬೇರೆಬೇರೆ ಹಿನ್ನೆಲೆಯವರು. ನನ್ನ ನೆರೆಹೊರೆಯಲ್ಲಿ ಜೀವಮಾನವಿಡೀ ಲಿಬರಲ್‌ಗೆ ಮತ ಹಾಕಿದ ಅಜ್ಜಿಯರು ಮತಗಟ್ಟೆಯ ಮುಂದೆ ಹಸಿರು-ನೀಲಿ ಅಂಗಿ ತೊಟ್ಟು ಕರಪತ್ರ ಹಂಚಿದರು.

ಆದ್ದರಿಂದ ಕನ್ಸರ್ವೇಟಿವ್ ಒಡಕು ಎಂದರೆ ಹ್ಯಾನ್ಸನ್, ಜಾಯ್ಸ್ ಮಾತ್ರ ಎಂದುಕೊಳ್ಳಬೇಡಿ. ಟೀಲ್‌ಗಳೂ ಅದೇ ಮನೆಯಿಂದ ಎದ್ದು ಹೋದ ಮತ. ಒಂದು ಬಾಗಿಲಿನಿಂದ ಹೋದವರು ಹವಾಮಾನಕ್ಕೆ ಏನೂ ಮಾಡುತ್ತಿಲ್ಲ ಎಂದು ಹೋದರು, ಇನ್ನೊಂದರಿಂದ ಹೋದವರು ಅತಿಯಾಗಿ ಮಾಡುತ್ತಿದ್ದೀರಿ ಎಂದು ಹೋದರು. ಇವತ್ತು ಅಡಿಲೇಡ್ ನಗರದಲ್ಲಿ ಲಿಬರಲ್ ಪಕ್ಷಕ್ಕೆ ಒಂದೂ ಫೆಡರಲ್ ಸ್ಥಾನವಿಲ್ಲ. ಡಟನ್ ತಮ್ಮದೇ ಡಿಕ್ಸನ್ ಕ್ಷೇತ್ರವನ್ನು ಸೋತರು. ಲೇಬರ್ 150ರಲ್ಲಿ 94 ಗೆದ್ದಿತು. ಇಷ್ಟಾದ ಮೇಲೂ ನವೆಂಬರ್‌ನಲ್ಲಿ ಗುರಿ ಕೈಬಿಟ್ಟರೆ ನಮ್ಮ ಬೀದಿಯ ಮತ ಹೇಗೆ ಮರಳುತ್ತದೆ?

ಬ್ರಿಸ್ಬೇನ್ ಭಟ್ಟರು

ಎಡದವರಿಗೂ ಪಾಠವಿದೆ. 2019ರಲ್ಲಿ ಗ್ರೀನ್ಸ್ ಪಕ್ಷದ ಹಿರಿಯ ಬಾಬ್ ಬ್ರೌನ್ ದಕ್ಷಿಣದಿಂದ ಕಾರುಗಳ ಮೆರವಣಿಗೆ ಕಟ್ಟಿಕೊಂಡು ಅದಾನಿ ಕಂಪನಿಯ ಕಾರ್ಮೈಕಲ್ ಗಣಿಯನ್ನು ವಿರೋಧಿಸಲು ಕ್ಲೆರ್ಮಾಂಟ್ ಎಂಬ ಸಣ್ಣ ಊರಿಗೆ ಬಂದರು. ಊರಿನವರು ರೊಚ್ಚಿಗೆದ್ದರು. ನಮ್ಮ ಕೆಲಸಕ್ಕೆ ಕುತ್ತು ತರಲು ನೀವು ಯಾರು ಎಂದು ಕೇಳಿದರು. ಗೆಲ್ಲುತ್ತದೆ ಎಂದು ಎಲ್ಲರೂ ಲೆಕ್ಕ ಹಾಕಿದ್ದ ಲೇಬರ್ ಆ ಸಲ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕಾಡೆ ಬಿದ್ದಿತು. ಗಣಿಗಾರಿಕೆಯ ಊರುಗಳಲ್ಲಿ ಒನ್ ನೇಷನ್‌ಗೆ ಮತ ಸುರಿಯಿತು. ಹಿಂದೆ 2009ರಲ್ಲಿ ಲೇಬರ್ ಪ್ರಧಾನಿ ರಡ್ ಅವರ ಇಂಗಾಲ ಮಸೂದೆಯನ್ನು ಸೆನೆಟ್‌ನಲ್ಲಿ ಮಲಗಿಸುವಾಗ ಮೈತ್ರಿಕೂಟದ ಜೊತೆ ಗ್ರೀನ್ಸ್ ಕೂಡ ವಿರುದ್ಧ ಮತ ಹಾಕಿದ್ದರು. ಆ ಮಸೂದೆ ಪಾಸಾಗಿದ್ದರೆ ಇಷ್ಟು ಹೊತ್ತಿಗೆ ಇದೊಂದು ಮಾಮೂಲಿ ತೆರಿಗೆಯ ವಿಷಯವಾಗಿ, ಜನ ಮರೆತೇಬಿಡುತ್ತಿದ್ದರು.

ಲಾಟ್ರೋಬ್ ಕಣಿವೆಯವನು

ಭಟ್ಟರು ಹೇಳಿದ್ದು ನೂರಕ್ಕೆ ನೂರು. ನಮ್ಮ ಹೇಝಲ್‌ವುಡ್ ಕಲ್ಲಿದ್ದಲು ಸ್ಥಾವರವನ್ನು (1,600 ಮೆಗಾವಾಟ್) ಮುಚ್ಚುತ್ತೇವೆ ಎಂದದ್ದು 2016ರ ನವೆಂಬರ್‌ನಲ್ಲಿ, ಮುಚ್ಚಿದ್ದು 2017ರ ಮಾರ್ಚ್‌ನಲ್ಲಿ. ಐದು ತಿಂಗಳು! ವಿಕ್ಟೋರಿಯಾದ ವಿದ್ಯುತ್ತಿನ ಐದನೇ ಒಂದು ಪಾಲಿನಷ್ಟು ಅದೊಂದರಿಂದಲೇ ಬರುತ್ತಿತ್ತು, ಸಗಟು ದರ ಕೂಡಲೇ ನೆಗೆಯಿತು. ನನ್ನ ಪಕ್ಕದ ಮನೆಯವರು ಮೂವತ್ತು ವರ್ಷ ಅಲ್ಲಿ ಬಾಯ್ಲರ್ ನೋಡಿಕೊಂಡಿದ್ದ ಮನುಷ್ಯ. ಸೌರ ಫಲಕ ಹಾಕುವ ಗುತ್ತಿಗೆಯಲ್ಲಿ ಹಿಂದಿನ ಸಂಬಳದ ಅರ್ಧವೂ ಸಿಗಲಿಲ್ಲ, ಕೊನೆಗೆ ಶಾಲೆಯ ಬಸ್ ಓಡಿಸಿದರು. ಬದಲಿ ಏನು, ಯಾವಾಗ, ಎಷ್ಟು ಸಂಬಳಕ್ಕೆ ಎಂದು ಹೇಳದೆ ಮುಚ್ಚುವುದು ಮುಂದುವರಿದರೆ ಹ್ಯಾನ್ಸನ್ ಅವರ ಪಕ್ಷಕ್ಕೆ ಕಾರ್ಯಕರ್ತರನ್ನು ನಾವೇ ಒದಗಿಸಿದಂತೆ.

ನೆರಳು ನೀಲಗಿರಿ, ಸಿಡ್ನಿ ಪಶ್ಚಿಮ

ಎಲ್ಲರೂ ವಿದ್ಯುತ್ತಿನ ಬಗ್ಗೆಯೇ ಬರೆಯುತ್ತಿದ್ದೀರಿ. ಒನ್ ನೇಷನ್ ಬರೀ ಲೈನು, ಗೋಪುರಗಳ ಪಕ್ಷವೇ? ಹ್ಯಾನ್ಸನ್ 1996ರ ಮೊದಲ ಭಾಷಣದಲ್ಲೇ ಏಷ್ಯಾದವರು ಈ ದೇಶವನ್ನು ಮುಳುಗಿಸುತ್ತಿದ್ದಾರೆ ಎಂದವರು. 2025ರ ಆಗಸ್ಟ್ 31ರ ವಲಸೆ ವಿರೋಧಿ ಮೆರವಣಿಗೆಯ ಕರಪತ್ರದಲ್ಲಿ ಭಾರತೀಯರನ್ನು ಹೆಸರಿಟ್ಟು ಬೆರಳು ತೋರಿಸಿದ್ದರು. ಅದಾದ ಕೆಲವೇ ದಿನಕ್ಕೆ ಲಿಬರಲ್ ಸೆನೆಟರ್ ಜಸಿಂಟಾ ಪ್ರೈಸ್, ಲೇಬರ್‌ಗೆ ಮತ ಬೀಳಲೆಂದೇ ಭಾರತೀಯರನ್ನು ಕರೆತರುತ್ತಿದ್ದಾರೆ ಎಂಬರ್ಥದ ಮಾತಾಡಿದರು. ಕ್ಷಮೆ ಕೇಳಲಿಲ್ಲ. ಆಕೆಯನ್ನು ವಿರೋಧಪಕ್ಷದ ಛಾಯಾ ಸಚಿವರ ತಂಡದಿಂದ ತೆಗೆದು, ಆಗ ಪಕ್ಷದ ನಾಯಕಿಯಾಗಿದ್ದ ಸೂಸನ್ ಲೀ ತಾವೇ ನಮ್ಮ ಸಮುದಾಯದ ಕ್ಷಮೆ ಕೇಳಬೇಕಾಯಿತು. ನನ್ನ ಮಗಳು ಆ ವಾರ ಶಾಲೆಗೆ ಹೋಗಲು ಹಿಂಜರಿದಳು. ಇದನ್ನು ನಾನು ಯಾವ ಬಿಲ್ಲಿನ ಲೆಕ್ಕಕ್ಕೂ ಬಿಟ್ಟುಕೊಡಲಾರೆ.

ಹಳೆಯ ಲಿಬರಲ್ ಮತದಾರ

ಇದು ವಿಷಯಾಂತರ. ಇಂಧನ ನೀತಿಯನ್ನು ಪ್ರಶ್ನಿಸುವವರೆಲ್ಲ ಜನಾಂಗದ್ವೇಷಿಗಳಲ್ಲ.

ನೆರಳು ನೀಲಗಿರಿ, ಸಿಡ್ನಿ ಪಶ್ಚಿಮ

ಎಲ್ಲರೂ ಎಂದು ನಾನು ಹೇಳಿಲ್ಲ ಸರ್. ಒಂದೇ ವೇದಿಕೆಯಲ್ಲಿ ಒಂದೇ ಬಾಯಿಂದ ನಿವ್ವಳ ಶೂನ್ಯ ಬೇಡ, ವಲಸಿಗರು ಬೇಡ ಎಂಬ ಎರಡು ಘೋಷಣೆ ಬರುತ್ತಿವೆ ಎಂದೆ. ನಮಗೆ ಮೊದಲನೆಯದು ಮಾತ್ರ ಸಾಕು ಎಂದು ಆರಿಸಿಕೊಳ್ಳಲು ಮತಪತ್ರದಲ್ಲಿ ಪ್ರತ್ಯೇಕ ಚೌಕವಿಲ್ಲ.

ಟ್ಯಾಮ್‌ವರ್ತ್ ವೈದ್ಯ

ನೀಲಗಿರಿ ಅವರ ಮಾತು ನನಗೆ ನಾಟಿತು. ನನ್ನ ರೋಗಿಗಳು ನನ್ನನ್ನು ಮನೆಯವನಂತೆ ನೋಡುತ್ತಾರೆ, ಊರಿನಲ್ಲಿ ವೈದ್ಯರೇ ಸಿಗುವುದಿಲ್ಲ ಎಂದು ಕಾಯುತ್ತಾರೆ. ನವೆಂಬರ್‌ನಲ್ಲಿ ಹ್ಯಾನ್ಸನ್ ತಮ್ಮ ಕಚೇರಿಯಲ್ಲಿ ಜಾಯ್ಸ್‌ಗೆ ಸ್ಯಾಂಡ್‌ವಿಚ್ ಕಾಯಿಸುವ ಯಂತ್ರದಲ್ಲಿ ದನದ ಮಾಂಸ ಬೇಯಿಸಿ ಬಡಿಸಿದ ಚಿತ್ರ ನೋಡಿ ಇಲ್ಲಿ ಜನ ಖುಷಿಪಟ್ಟರು. ಅದೇ ದಿನ ಆಕೆ ಬುರ್ಖಾ ತೊಟ್ಟು ಸೆನೆಟ್‌ಗೆ ನುಗ್ಗಿದರು, ಮರುದಿನ ಏಳು ಕಲಾಪ ದಿನಗಳಿಗೆ ಅಮಾನತಾದರು. ನನ್ನ ಆಸ್ಪತ್ರೆಯ ಅರ್ಧ ಸಿಬ್ಬಂದಿ ವಲಸಿಗರು. ಆ ಎರಡನೆಯ ಸುದ್ದಿಯ ಬಗ್ಗೆ ಊರಿನಲ್ಲಿ ಯಾರೂ ನನ್ನೆದುರು ಮಾತಾಡಲಿಲ್ಲ.

ಪಾವಗಡದ ಮೂಲ, ಜೀಲಾಂಗ್

ಲೈನಿನ ಪರಿಹಾರದ ಮಾತಿಗೆ ಹಿಂತಿರುಗುತ್ತೇನೆ. ನಮ್ಮ ಪಾವಗಡದ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬಾಡಿಗೆ ಬಂದವರು ನೆಮ್ಮದಿಯಾದರು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಡಾಕ್ಟರ್ ಹೇಳಿದ ಬೇಲಿಯಾಚೆಗಿನ ರೈತನ ಸ್ಥಿತಿಯೂ ಅದೇ. ಸುತ್ತಲಿನ ಊರಿಗೇ ಒಂದು ಪಾಲು ಸಿಗಬೇಕು, ಇಡೀ ತಾಲ್ಲೂಕಿನ ವಿದ್ಯುತ್ ದರದಲ್ಲಿ ಕಡಿತವಾದರೂ ಆಗಬೇಕು. ಆಗ ಗೋಪುರ ನೋಡಿದರೆ ಸಿಟ್ಟು ಬರುವುದಿಲ್ಲ.

ಟಾರ್ನೀಟ್ ಗೃಹಿಣಿ

ನನಗೊಂದು ಸಣ್ಣ ಪ್ರಶ್ನೆ. ನಮ್ಮ ಚಾವಣಿಯ ಸೌರ ವಿದ್ಯುತ್ತಿಗೆ ವಿಕ್ಟೋರಿಯಾದಲ್ಲಿ 2025ರ ಜುಲೈ ನಂತರ ಕನಿಷ್ಠ ಖರೀದಿ ದರ ಹೆಚ್ಚುಕಡಿಮೆ ಸೊನ್ನೆ. 2024–25ರಲ್ಲಿ ಯೂನಿಟ್ಟಿಗೆ 3.3 ಸೆಂಟ್ ಇತ್ತು. ಅಳವಡಿಸಿದ ಕಂಪನಿಯವರು ಐದೇ ವರ್ಷದಲ್ಲಿ ಹಣ ವಾಪಸ್ ಎಂದಿದ್ದರು, ಈಗ ಫೋನ್ ಎತ್ತುವುದಿಲ್ಲ. ಬ್ಯಾಟರಿ ಹಾಕಿಸಿದರೆ ಪ್ರಯೋಜನವೇ?

ಗ್ರಿಡ್ ಎಂಜಿನಿಯರ್, ಅಡಿಲೇಡ್

ಅಕ್ಕ, ಮಧ್ಯಾಹ್ನ ಎಲ್ಲರ ಚಾವಣಿಯಿಂದಲೂ ವಿದ್ಯುತ್ ಬರುವುದರಿಂದ ಆ ಹೊತ್ತಿಗೆ ಅದಕ್ಕೆ ಬೆಲೆಯೇ ಇಲ್ಲ. ದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಚಾವಣಿಗಳಲ್ಲಿ ಫಲಕಗಳಿವೆ. 2025ರ ಜುಲೈ 1ರಿಂದ ಮನೆಯ ಬ್ಯಾಟರಿಗೆ ಕೇಂದ್ರ ಸರ್ಕಾರ ಸುಮಾರು ಶೇ. 30ರಷ್ಟು ವೆಚ್ಚ ಕಡಿತ ಕೊಡುತ್ತಿದೆ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಎಷ್ಟು ಯೂನಿಟ್ ಬಳಸುತ್ತೀರಿ ಎಂದು ಮೀಟರಿನ ವಿವರ ತರಿಸಿಕೊಂಡು ನೋಡಿ, ಅಷ್ಟೇ ಅಳತೆಯ ಬ್ಯಾಟರಿ ಸಾಕು. ದೊಡ್ಡದನ್ನೇ ಹಾಕಿಸಿ ಎನ್ನುವ ಮಾರಾಟಗಾರರ ಮಾತಿಗೆ ಮರುಳಾಗಬೇಡಿ. ಬಟ್ಟೆ ಒಗೆಯುವುದು, ನೀರು ಕಾಯಿಸುವುದು ಮಧ್ಯಾಹ್ನಕ್ಕೆ ಬದಲಿಸಿದರೆ ಬ್ಯಾಟರಿ ಇಲ್ಲದೆಯೂ ಒಳ್ಳೆಯ ವ್ಯತ್ಯಾಸ ಕಾಣುತ್ತದೆ.

ಹಳೆಯ ಲಿಬರಲ್ ಮತದಾರ

ಸ್ವಂತ ಮನೆ ಇದ್ದವರಿಗೆ ಇದೆಲ್ಲ ಸರಿ. ಬಾಡಿಗೆ ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಇರುವವರು ಚಾವಣಿ ಎಲ್ಲಿಂದ ತರಬೇಕು? ಅವರ ತೆರಿಗೆಯಲ್ಲೇ ಇವರ ಬ್ಯಾಟರಿ. ಲಿಬರಲ್ ಪಕ್ಷ ಎತ್ತಬೇಕಾದ ಪ್ರಶ್ನೆ ಇದು, ಎತ್ತುವುದನ್ನು ಬಿಟ್ಟು 2050ರ ಇಸವಿಯನ್ನು ಹಿಡಿದು ಜಗ್ಗಾಡುತ್ತಿದ್ದಾರೆ. ಅದಕ್ಕೇ ನನಗೆ ನನ್ನ ಪಕ್ಷದ ಮೇಲೆ ಬೇಸರ.

ಕಾವೇರಿ ತೀರ, ಮೆಲ್ಬರ್ನ್

ಈ ಮಾತನ್ನು ನೀವು ಮೊದಲೇ ಹೇಳಿದ್ದರೆ ನಾವು ಇಷ್ಟು ಜಗಳವಾಡುತ್ತಲೇ ಇರಲಿಲ್ಲ ಸರ್. ಬಾಡಿಗೆದಾರರ ವಿಷಯಕ್ಕೆ ಬೇರೆ ಚರ್ಚೆಯನ್ನೇ ಶುರು ಮಾಡಿ, ನಾನು ಬರೆಯುತ್ತೇನೆ. ಬ್ಯಾಟರಿ ಇಲ್ಲದವರಿಗೂ ಮಧ್ಯಾಹ್ನ ಮೂರು ಗಂಟೆ ಕಾಲ ಉಚಿತ ವಿದ್ಯುತ್ ಕೊಡಿಸುವ ಯೋಜನೆಯನ್ನು ಇಂಧನ ಸಚಿವ ಕ್ರಿಸ್ ಬೋವೆನ್ 2025ರ ನವೆಂಬರಿನಲ್ಲಿ ಪ್ರಕಟಿಸಿದ್ದಾರೆ. 2026ರ ಜುಲೈಯಿಂದ ಮೂರು ರಾಜ್ಯಗಳಲ್ಲಿ ಶುರುವಾಗಬೇಕು, ವಿಕ್ಟೋರಿಯಾ ಆ ಪಟ್ಟಿಯಲ್ಲಿಲ್ಲ.

ಮೈಸೂರಿನ ಓದುಗ

ಮುಂದಿನ ಫೆಡರಲ್ ಚುನಾವಣೆ 2028ಕ್ಕಲ್ಲವೇ? ಅಲ್ಲಿಯವರೆಗೆ ಇವರ ಬಲಾಬಲ ತಿಳಿಯುವುದು ಹೇಗೆ?

ಮತಪೆಟ್ಟಿಗೆ, ಕ್ಯಾನ್‌ಬೆರಾ

ಅಷ್ಟು ಕಾಯಬೇಕಿಲ್ಲ. 2026ರ ಮಾರ್ಚ್ 21ಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಚುನಾವಣೆ. ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2016ರಲ್ಲೇ ಮುಚ್ಚಿದ ರಾಜ್ಯ ಅದು. ಅದೇ ವರ್ಷ ಬಿರುಗಾಳಿಗೆ ಇಪ್ಪತ್ತಕ್ಕೂ ಹೆಚ್ಚು ಗೋಪುರಗಳು ಉರುಳಿ, ಗಾಳಿಯಂತ್ರಗಳ ರಕ್ಷಣಾ ವ್ಯವಸ್ಥೆ ಅವನ್ನು ಗ್ರಿಡ್ಡಿನಿಂದ ಕಳಚಿ, ಇಡೀ ರಾಜ್ಯ ಕತ್ತಲಾಗಿತ್ತು. ಮರುವರ್ಷ ಅಲ್ಲೇ ಆ ಕಾಲದ ಜಗತ್ತಿನ ದೊಡ್ಡ ಬ್ಯಾಟರಿ ಬಂತು. ಅಲ್ಲಿನ ಲಿಬರಲ್ ಪಕ್ಷದ ರಾಜ್ಯ ಮಂಡಳಿ 2025ರ ಜೂನ್‌ನಲ್ಲೇ ನಿವ್ವಳ ಶೂನ್ಯದ ವಿರುದ್ಧ ನಿರ್ಣಯ ಮಾಡಿತ್ತು. ಅಡಿಲೇಡಿನ ಉಪನಗರಗಳಲ್ಲಿ ಲಿಬರಲ್ಲರ ಮೊದಲ ಮತ ಎಷ್ಟು, ಹಳ್ಳಿಗಾಡಿನಲ್ಲಿ ಒನ್ ನೇಷನ್‌ದು ಎಷ್ಟು, ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫಲಿತಾಂಶದ ರಾತ್ರಿ ಇಲ್ಲಿಯೇ ಬೂತ್‌ವಾರು ಲೆಕ್ಕ ಹಾಕುತ್ತೇನೆ, ಅಡಿಲೇಡಿನವರು ನಿಮ್ಮ ಮತಗಟ್ಟೆಯ ಸಂಖ್ಯೆಗಳನ್ನು ಕಳುಹಿಸಿ.